ಏರಿನಲ್ಲಿ ನಿಲ್ಲುವ ವ್ಯಾನು

ಚಾವಿ ತಿರುಗಿಸಿದರೆ ಇಂಜಿನ್ನು ಗರ ಗರ ಎಂದು ಸುತ್ತುತ್ತಿತ್ತೇ ಹೊರತು ಹತ್ತಿಕೊಳ್ಳುತ್ತಿರಲಿಲ್ಲ. ಇಮಾಮಸಾಬನು ಕೈ ತೆಗೆದನು, ಬಿಸ್ಮಿಲ್ಲಾ ಎಂದನು, ಮತ್ತೆ ತಿರುಗಿಸಿದನು. ಅದೇ ಸದ್ದು. ಹಳಿಯಾಳ ಬಿಟ್ಟಾಗ ಚೆನ್ನಾಗಿಯೇ ಓಡಿಬಂದ ಹಳೆಯ ವ್ಯಾನು ಕಾಡಿನೊಳಗಿನ ಏರಿನ ನಡುವೆ ಯಾವ ಸೂಚನೆಯನ್ನೂ ಕೊಡದೆ ನಿಂತುಬಿಟ್ಟಿತ್ತು. ಅವನು ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಟ್ಟನು. ಕಲ್ಲು ಹುಡುಕುವ ಕಷ್ಟವಿರಲಿಲ್ಲ. ಹೋದ ಸಲ ನಿಂತಾಗ ಅವನೇ ತಂದಿಟ್ಟ ಕಲ್ಲು ರಸ್ತೆಯ ಅಂಚಿನಲ್ಲಿ ಹಾಗೆಯೇ ಇತ್ತು.

ವ್ಯಾನಿನ ಹಿಂದಿನ ಸೀಟಿನಲ್ಲಿ ಹಜರಾಬಿ ಕುಳಿತಿದ್ದಳು. ಅವಳು ಇಮಾಮಸಾಬನ ಮಗಳು ಹೀನಾಳ ಅತ್ತೆ. ಚೊಚ್ಚಲ ಬಸುರಿಯಾದ ಸೊಸೆ ತವರಿನಲ್ಲಿ ಹೇಗಿದ್ದಾಳೆಂದು ನೋಡಲು ಬೆಳಿಗ್ಗೆ ಮುಂಡಗೋಡದಿಂದ ಹೊರಟು, ಬಸ್ಸು ಬದಲಿಸಿ ಹಳಿಯಾಳಕ್ಕೆ ಬಂದಿಳಿದಿದ್ದಳು. ಅಲ್ಲಿಂದ ಕಾಡಿನಾಚೆಯ ವಾಡೆಗೆ, ತಾವಿರುವ ಸಿದ್ದಿಗಳ ಹಟ್ಟಿಗೆ, ಕರೆತರಲು ಇಮಾಮಸಾಬನು ವ್ಯಾನು ತೆಗೆದುಕೊಂಡು ಹೋಗಿದ್ದನು.

"ಏನಾತ್ರಿ ಬೀಗರ?" ಎಂದಳು.

"ಏನಿಲ್ಲ. ಸ್ವಲ್ಪ ತಣ್ಣಗಾಗಲಿ. ತಾನ ಚಾಲೂ ಆಗ್ತೈತಿ."

"ತಾನ ಚಾಲೂ ಆಗೂದು, ತಾನ ಬಂದ್ ಬೀಳೂದು. ಹಂಗಾದ್ರ ನೀವ್ಯಾಕ ಮುಂದ ಕುಂತೀರಿ?"

ಇಮಾಮಸಾಬನು ನೆತ್ತಿಯ ಬಿಸಿಲಿಗೆ ಕೈ ಅಡ್ಡ ಹಿಡಿದನು. ಬೇಸಿಗೆಯಾದ್ದರಿಂದ ಸಾಗವಾನಿ ಮರಗಳೆಲ್ಲ ಎಲೆ ಉದುರಿಸಿ ನಿಂತಿದ್ದವು, ನೆರಳೆಂಬುದಿರಲಿಲ್ಲ. ಹಳಿಯಾಳದ ಕಡೆಯಿಂದ ಬೈಕಿನ ಮೇಲೆ ಬಂದ ಪರಿಚಯದ ಒಬ್ಬನು ವೇಗ ತಗ್ಗಿಸಿ, "ಮಾಮಾ, ಇವತ್ತೂ ಇಲ್ಲೇನ? ಒಂದು ಚಾದಂಗಡಿ ಹಾಕಿಬಿಡು, ವ್ಯಾಪಾರಾನರ ಆಕ್ಕೈತಿ," ಎಂದು ನಗುತ್ತ ಹೋದನು. ಹಜರಾಬಿ ನಗಲಿಲ್ಲ. ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಕಾಡಿನ ಎರಡೂ ಬದಿಯನ್ನು ನೋಡಿದಳು.

"ಹೊತ್ತಲ್ಲದ ಹೊತ್ತಿನಾಗ ಹುಡುಗಿಗೆ ಬ್ಯಾನಿ ಸುರು ಆತು ಅಂತ ತಿಳೀರಿ. ಇಲ್ಲಿ ಬಂದ ನಿಂತ್ರಿ. ಮುಂದ?"

"ಅಷ್ಟರಾಗ ರಿಪೇರಿ ಮಾಡಸ್ತೇನಿ."

"ಎರಡ ತಿಂಗಳಿಂದ ಇದ ಮಾತ ಕೇಳಾಕತ್ತೇನಿ. ಶುಕ್ರವಾರ ನಾ ಮತ್ತ ಬರ್ತೇನಿ. ಜುಮ್ಮಾ ಮುಗಿಸಿಕೊಂಡು ನನ್ನ ಮಗ ಜೀಪ ತರ್ತಾನ. ಹುಡುಗಿನ ಮುಂಡಗೋಡಕ್ಕ ಕರಕೊಂಡು ಹೋಗ್ತೇವಿ. ನಮ್ಮಲ್ಲಿ ಕೂಗಿದ್ರ ಕೇಳೂವಷ್ಟ ದೂರ ದವಾಖಾನಿ ಐತಿ."

"ಚೊಚ್ಚಲ ಬಾಣಂತನ ತವರಾಗ ಆಗಬೇಕಲ್ಲ, ಬೀಗತ್ಯಾರ."

ಹಜರಾಬಿ ದನಿ ತಗ್ಗಿಸಿ, "ತವರು ಅಂದ್ರ ತಾಯಿರೀ," ಎಂದಳು.

ಅವಳು ಚುಚ್ಚಬೇಕೆಂದು ಆಡಿದ ಮಾತಲ್ಲ ಅದು. ಆದ್ದರಿಂದಲೇ ಅದು ಇಮಾಮಸಾಬನಿಗೆ ಹೆಚ್ಚು ನಾಟಿತು. ಅವನ ಹೆಂಡತಿ ಹುಸೇನಬಿ ಜ್ವರವೆಂದು ಮಲಗಿದವಳು ಚಳಿಗಾಲದಲ್ಲಿ ತೀರಿಹೋಗಿದ್ದಳು. ಮಗಳು ಬಸುರಿಯೆಂಬ ಸುದ್ದಿ ಕೇಳಿ, ಹಾಸಿಗೆಯಲ್ಲಿಯೇ ಎದ್ದು ಕುಳಿತು, "ಇಲ್ಲೇ ಹಡೀಬೇಕು ನೋಡ್ರಿ, ನಾ ಇರಲಿ ಬಿಡಲಿ," ಎಂದಿದ್ದಳು. ಅದನ್ನು ನಡೆಸಿಕೊಡುವುದೊಂದೇ ಅವನ ಪಾಲಿಗೆ ಉಳಿದಿದ್ದ ಕೆಲಸ. ಹೆರಿಗೆಗೆ ಹಳಿಯಾಳದ ದವಾಖಾನೆಗೆ ಹೋಗಬೇಕು, ವಾಡೆಯಲ್ಲಿ ಇನ್ನೊಂದು ನಾಲ್ಕು ಗಾಲಿಯ ಗಾಡಿ ಇರಲಿಲ್ಲ.

ನೆರಳಿಲ್ಲದ ಆ ಜಾಗದಲ್ಲಿ ಅವರು ಬಹಳ ಹೊತ್ತು ಕಾಯ್ದರು. ಆಮೇಲೆ ವ್ಯಾನು ಏನೂ ಆಗಿಲ್ಲವೆಂಬಂತೆ ಮೊದಲ ಸುತ್ತಿಗೇ ಹತ್ತಿಕೊಂಡಿತು. ಮರುದಿನ ತಿರುಗಿ ಹೋಗುವಾಗ ಹಜರಾಬಿ ವ್ಯಾನು ಹತ್ತಲು ಒಪ್ಪಲಿಲ್ಲ. ವಾಡೆಯವರೊಬ್ಬರ ಬೈಕಿನ ಹಿಂದೆ ಕುಳಿತು ಹಳಿಯಾಳಕ್ಕೆ ಹೋದಳು.

ಅವಳು ಹೋದ ಮೇಲೆ ಇಮಾಮಸಾಬನು ದಾಂಡೇಲಿಗೆ ಹೊರಟನು. ಗ್ಯಾರೇಜಿಗೆ ಹೋಗುವ ದಿನ ಅವನು ತಪ್ಪದೆ ಮಾಡುವ ಒಂದು ಕೆಲಸವಿತ್ತು. ಮುಂದಿನ ಎಡಸೀಟನ್ನು ಎತ್ತಿ, ಅದರ ಕೆಳಗೆ ಹಾಸಿದ್ದ ಕೌದಿಯನ್ನು ತೆಗೆದು, ಧೂಳು ಕೊಡವಿ ಮನೆಯೊಳಗೆ ಟ್ರಂಕಿನ ಮೇಲೆ ಇಡುತ್ತಿದ್ದನು.

ಆ ವ್ಯಾನಿನ ಇಂಜಿನ್ನು ಮುಂದಿನ ಸೀಟುಗಳ ಅಡಿಯಲ್ಲಿಯೇ ಇತ್ತು. ದೂರ ಹೋದಂತೆ ಸೀಟು ಕಾಯುತ್ತಿತ್ತು. ಎಡಸೀಟು ಹುಸೇನಬಿಯದು. ಸಂತೆಗೆ ಹೋಗಲಿ, ದರ್ಗಾಕ್ಕೆ ಹೋಗಲಿ, "ಮನ್ಯಾಗ ಹಂಚಿನ ಮುಂದ ಕೂಡಬೇಕು, ಹೊರಗ ಬಂದ್ರ ಹಂಚಿನ ಮ್ಯಾಲ ಕೂಡಬೇಕು," ಎಂದು ಅವಳು ಗೊಣಗದ ದಿನವಿರಲಿಲ್ಲ. ಮಾಡಿಸೋಣ ಎಂದು ಅವನು ಹೇಳುತ್ತ ಬಂದನು. ಕೊನೆಗೆ ಅವಳೇ ಕಳೆದ ಮಳೆಗಾಲ ಸೀಟಿನ ಅಳತೆಯನ್ನು ಗೇಣಿನಿಂದ ಹಿಡಿದು, ಅವನ ಹರಿದ ಲುಂಗಿ, ತನ್ನ ಹಳೆಯ ಸೀರೆ, ಹೀನಾಳ ಶಾಲೆಯ ನೀಲಿ ಲಂಗ ಎಲ್ಲವನ್ನೂ ಪದರು ಪದರಾಗಿ ಜೋಡಿಸಿ ಕೌದಿ ಹೊಲಿದಳು. ಅಂಚಿನಿಂದ ಹೊಲಿಗೆ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುವುದು ಸಿದ್ದಿ ಹೆಂಗಸರ ಪದ್ಧತಿ. ಮುಗಿದ ಮೇಲೆ ಮೂಲೆಮೂಲೆಗೆ ಬಟ್ಟೆ ಮಡಚಿದ ಹೂವು ಇಡಬೇಕು. ಹೂವಿಲ್ಲದ ಕೌದಿ ಬತ್ತಲೆ ಎನ್ನುತ್ತಾರೆ. ಹುಸೇನಬಿ ಮೂರು ಮೂಲೆಗೆ ಹೂವಿಟ್ಟಿದ್ದಳು, ನಾಲ್ಕನೆಯದನ್ನು ಇಡುವ ಮೊದಲೇ ಜ್ವರ ಬಂದು ಮಲಗಿದಳು. ಆ ಕೌದಿಯ ಮೇಲೆ ಅವಳು ಒಂದು ಸಲವೂ ಕೂಡಲಿಲ್ಲ.

ನಲವತ್ತನೆಯ ದಿನದ ಫಾತೇಹಾ ಮುಗಿದ ಮೇಲೆ ಇಮಾಮಸಾಬನು ಅದನ್ನು ಸೀಟಿನ ಕೆಳಗೆ ಹಾಸಿ, ಅಂಚುಗಳನ್ನು ಸಂದುಗಳಲ್ಲಿ ಬಿಗಿಯಾಗಿ ತುರುಕಿದನು. ಸೀಟು ತಣ್ಣಗಾಯಿತು. ಹೆರಿಗೆಗೆ ಹೋಗುವ ದಿನ ಹೀನಾ ಅಲ್ಲಿ ಕೂಡುವಳು, ಅವಳಿಗೆ ಕಾವು ತಾಗಬಾರದು ಎಂದುಕೊಂಡನು. ಆದರೆ ಗ್ಯಾರೇಜಿನಲ್ಲಿ ಎಣ್ಣೆಯ ಕೈಗಳು ಅದನ್ನು ಎಳೆದಾಡಿ ಮೂಲೆಗೆ ಒಗೆಯುವುದನ್ನು ನೋಡುವ ಶಕ್ತಿ ಅವನಿಗಿರಲಿಲ್ಲ. ಆದ್ದರಿಂದ ಕೌದಿ ಮನೆಯಲ್ಲಿ ಉಳಿಯುತ್ತಿತ್ತು, ವ್ಯಾನು ದಾಂಡೇಲಿಗೆ ಹೋಗುತ್ತಿತ್ತು.

ದಾಂಡೇಲಿಯವರೆಗೆ ಅದು ಎಲ್ಲಿಯೂ ನಿಲ್ಲಲಿಲ್ಲ. ನಿಲ್ಲಲಿ ಎಂದು ಅವನು ದಾರಿಯುದ್ದಕ್ಕೂ ಬೇಡಿಕೊಂಡನು. ಆ ದಾರಿಯಲ್ಲಿ ಏರು ಸಿಕ್ಕಲ್ಲೆಲ್ಲ ಬೇಕೆಂದೇ ನಿಧಾನ ಮಾಡಿದನು. ಅದು ಹಾಡುತ್ತ ಏರಿತು.

ಜ್ಯೋತಿಬಾನ ಗ್ಯಾರೇಜು ಬಂಗೂರನಗರಕ್ಕೆ ಹೋಗುವ ರಸ್ತೆಯ ಬದಿಗೆ ಇತ್ತು. ವ್ಯಾನನ್ನು ದೂರದಿಂದಲೇ ನೋಡಿ ಅವನು ಕೈಯಲ್ಲಿದ್ದ ಪಾನಾವನ್ನು ಡಬ್ಬಿಗೆ ಒಗೆದನು.

"ಬಂದ್ರಿ?"

"ನಿನ್ನೆ ಮತ್ತ ಬಂದ್ ಬಿತ್ತು."

"ಇವತ್ತ?"

"ಇವತ್ತ ಬರೋಬ್ಬರಿ ಬಂತು."

"ಚಾಚಾ, ನಿಮ್ಮ ಗಾಡಿಗೆ ನನ್ನ ಮ್ಯಾಲ ಏನರ ಸಿಟ್ಟೈತೇನು? ನಿಮ್ಮ ಮುಂದ ದಾಂಡಿಗ್ಯಾ, ನನ್ನ ಮುಂದ ಶಾಣ್ಯಾ."

ಅವನು ಈ ಮೊದಲೇ ಪ್ಲಗ್ಗು ಬದಲಿಸಿದ್ದನು. ಕಾಯಿಲ್ ಬದಲಿಸಿದ್ದನು. ಪೆಟ್ರೋಲ್ ಪಂಪು ಹೋಗಿದೆಯೆಂದು ಆಣೆ ಮಾಡಿ ಅದನ್ನೂ ಬದಲಿಸಿದ್ದನು. ಈಗ ಸೀಟೆತ್ತಿ ನಿಲ್ಲಿಸಿ, ಸ್ಕ್ಯಾನರಿನ ವೈರು ಚುಚ್ಚಿ, ಇಂಜಿನ್ನು ಚಾಲೂ ಮಾಡಿ ಬಿಸಿಲಿನಲ್ಲಿ ಬಿಟ್ಟನು. ಊಟದ ಹೊತ್ತು ಕಳೆಯಿತು. ಕಾಗದದ ಮಿಲ್ಲಿನ ಪಾಳಿ ಬಿಟ್ಟು ಜನ ಸೈಕಲ್ಲು ಬೈಕುಗಳಲ್ಲಿ ಹಾದುಹೋದರು. ಇಂಜಿನ್ನು ಒಂದೇ ಸಮನೆ ಓಡುತ್ತಲೇ ಇತ್ತು.

"ನೋಡ್ರಿ, ಸೆನ್ಸರ್ ಎಲ್ಲಾ ಸುದ್ದ ಅದಾವ ಅಂತೈತಿ. ಈ ಮಶೀನ್ ಸುಳ್ಳ ಹೇಳಂಗಿಲ್ಲ."

"ಹಂಗಾದ್ರ ಸುಳ್ಳ ಹೇಳಾಂವ ನಾನು?"

"ನಾ ಹಂಗ ಅನ್ಲಿಲ್ಲ."

"ಮತ್ತ ಹೆಂಗ ಅಂದಿ? ಕಾಡಿನಾಗ ಬೀಗತಿ ಮುಂದ ನನ್ನ ಮಾರಿ ಹೋತು. ಶುಕ್ರವಾರ ಮಗಳನ್ನ ಕರಕೊಂಡ ಹೋಗ್ತಾರ. ನೀ ಮಶೀನ್ ತೋರಸ್ತಿ. ಎಲ್ಲಾ ಸೆನ್ಸರ್ ಹೊಸಾವ ಹಾಕಿಬಿಡು."

"ಯಾವುದು ಹೋಗೇತಿ ಅಂತ ತಿಳೀಲಾರ್ದ ಹಾಕೂದಂದ್ರ ಕತ್ತಲದಾಗ ಕಲ್ಲ ಒಗದಂಗ, ಚಾಚಾ. ಪಂಪ್ ಹಾಕಿ ಒಮ್ಮೆ ಒಗದೇನಿ. ಇನ್ನೊಮ್ಮೆ ಒಗಿಯಂಗಿಲ್ಲ." ಜ್ಯೋತಿಬಾ ವೈರು ಕಿತ್ತು ಸುತ್ತಿದನು. "ತಗೊಂಡ ಹೋಗ್ರಿ. ಇಲ್ಲೇ ಸತ್ತರ ಹೆಣಾನರ ನೋಡಬಹುದಿತ್ತು. ಸಾಯವಲ್ದು."

ಬರುವಾಗಲೂ ಅದು ನಿಲ್ಲಲಿಲ್ಲ. ಮನೆಯ ಮುಂದೆ ನಿಲ್ಲಿಸಿ ಇಳಿದವನೇ ಇಮಾಮಸಾಬನು ಮುಂದಿನ ಗಾಲಿಯನ್ನು ಒದ್ದನು. ಕಾಲು ನೊಂದಿತು. ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದ ಹೀನಾ ಅದನ್ನು ನೋಡಿದರೂ ನೋಡದಂತೆ ತಲೆ ತಗ್ಗಿಸಿದಳು. ಎಂಟು ತುಂಬಿದ ಹೊಟ್ಟೆ. ಮೊರವನ್ನು ಮಡಿಲಲ್ಲಿಟ್ಟುಕೊಳ್ಳಲು ಬಾರದೆ ಪಕ್ಕಕ್ಕೆ ಇಟ್ಟುಕೊಂಡಿದ್ದಳು.

"ಅಬ್ಬಾ, ನಾ ಮುಂಡಗೋಡಕ್ಕ ಹೋಗ್ತೇನಿ ಬಿಡ್ರಿ. ಅತ್ತಿ ಏನ ಕೆಟ್ಟಾಕಿ ಅಲ್ಲ."

"ಕೆಟ್ಟಾಕಿ ಅಂದವರ್ಯಾರು?"

"ಮತ್ತ ಯಾಕ ಹಿಂಗ ಒದ್ದಾಡ್ತೀರಿ?"

"ಅಮ್ಮಿ ಇದ್ದಿದ್ರ ಹೋಗ್ತೇನಿ ಅಂತಿದ್ದೇನು?"

ಹೀನಾ ಅಕ್ಕಿಯಲ್ಲಿ ಕೈಯಾಡಿಸುತ್ತ ಕುಳಿತಳು. ಅವನಿಗೆ ತನ್ನ ಮಾತಿನ ಮೇಲೆಯೇ ಬೇಸರವಾಯಿತು. ಒಳಗೆ ಹೋಗಿ ಕೈಕಾಲು ತೊಳೆದು ವಜೂ ಮಾಡಿ ಸಂಜೆಯ ಮಗ್ರಿಬ್ ನಮಾಜಿಗೆ ನಿಂತನು. ಸಜ್ದಾದಲ್ಲಿ ಹಣೆ ನೆಲಕ್ಕೆ ಮುಟ್ಟಿದಾಗಲೂ ಆ ಗರ ಗರ ಸದ್ದು ಕಿವಿಯಲ್ಲಿತ್ತು. ಅಲ್ಲಾಹನ ಎದುರು ನಿಂತು ಒಂದು ಹಳೆಯ ವ್ಯಾನಿನ ದೂರು ಹೇಳುವುದು ಹೇಗೆ? ಹೇಳದೆ ಇರುವುದಾದರೂ ಹೇಗೆ? ನಮಾಜು ಮುಗಿದ ಮೇಲೆ ಕೈಯೆತ್ತಿದನು. ಏನನ್ನೂ ಕೇಳಲಾರದೆ ಆ ಕೈಗಳಿಂದ ಮುಖ ಒರೆಸಿಕೊಂಡು ಎದ್ದನು.

ಮರುದಿನ ಬೆಳಿಗ್ಗೆ ಜ್ಯೋತಿಬಾ ಬೈಕಿನ ಮೇಲೆ ವಾಡೆಗೇ ಬಂದನು. ಚಹಾ ಬೇಡವೆಂದನು. ಮೋರೆ ಗಂಟಿಕ್ಕಿತ್ತು.

"ಹಳಿಯಾಳ ಸ್ಟ್ಯಾಂಡಿನಾಗ ಮಂದಿ ನಗಾಕತ್ತೈತಿ, ಜ್ಯೋತಿಬಾಗ ಮುದುಕನ ವ್ಯಾನ್ ಸುದ್ದ ಮಾಡಾಕ ಆಗವಲ್ದು ಅಂತ. ಇವತ್ತ ನಾ ಮೆಕ್ಯಾನಿಕ್ ಅಲ್ಲ, ನಿಮ್ಮ ಪ್ಯಾಸೆಂಜರ್. ಬಂದ್ ಬಿದ್ದ ದಿನ ಹೆಂಗ ಇತ್ತೋ ಹಂಗ ನಡಸ್ರಿ. ಒಂದ ಸಾಮಾನು ಆಕಡೆ ಈಕಡೆ ಆಗಬಾರದು."

"ಎಲ್ಲಾ ಹಂಗ ಐತಿ," ಎಂದನು ಇಮಾಮಸಾಬನು. ಚಾವಿ ತೆಗೆದುಕೊಳ್ಳಲು ಒಳಗೆ ಹೋದವನಿಗೆ ಟ್ರಂಕಿನ ಮೇಲೆ ಕೌದಿ ಕಾಣಿಸಿತು. ಹಂಗ ಇಲ್ಲವಲ್ಲ ಎಂದುಕೊಂಡನು. ಅದಕ್ಕೂ ಇಂಜಿನ್ನಿಗೂ ಸಂಬಂಧವಿದೆಯೆಂದು ಅವನಿಗೆ ಆಗಲೂ ಹೊಳೆಯಲಿಲ್ಲ. ಕೊಟ್ಟ ಮಾತು ಸುಳ್ಳಾಗಬಾರದೆಂದಷ್ಟೇ ತೋರಿತು. ಜ್ಯೋತಿಬಾ ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಅದನ್ನು ತಂದು ಸೀಟಿನ ಕೆಳಗೆ ಹಾಸಿ ಅಂಚುಗಳನ್ನು ತುರುಕಿದನು.

ಹಳಿಯಾಳಕ್ಕೆ ಹೋಗಿ ತಿರುಗಿದರು. ಜ್ಯೋತಿಬಾ ಎಡಸೀಟಿನಲ್ಲಿ ಕೈಕಟ್ಟಿ ಕುಳಿತು, ಕಿವಿಯನ್ನು ಇಂಜಿನ್ನಿನ ಕಡೆಗೆ ಇಟ್ಟಿದ್ದನು. ಏರಿನ ನಡುವೆ ವ್ಯಾನು ನಿಂತಿತು. ಇಮಾಮಸಾಬನ ಜೀವಕ್ಕೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

"ನೋಡು, ನೋಡು ಈಗ. ನಾ ಸುಳ್ಳ ಹೇಳಿದ್ನ್ಯಾ?"

ಜ್ಯೋತಿಬಾ ಆಗಲೇ ಕೆಳಗಿಳಿದು ಸೀಟೆತ್ತಿದ್ದನು. ಎತ್ತಿದವನು ಹಾಗೆಯೇ ನಿಂತನು. ಕೌದಿಯ ಮೇಲೆ ಕೈಯಿಟ್ಟು ಸರಕ್ಕನೆ ತೆಗೆದನು.

"ಚಾಚಾ, ಏನ ಇದು?"

"ಕೌದಿ."

"ಕೌದಿ ಅಂತ ನನಗೂ ತಿಳೀತೈತಿ. ಇಲ್ಲಿ ಯಾಕ?"

"ಸೀಟ ಕಾಯ್ತೈತಿ ಅಂತ."

"ಇಂಜಿನ್‌ಗೆ ಕೌದಿ ಹೊಚ್ಚಿ ಮಲಗಿಸೀರಿ. ಚೈತ್ರದಾಗ." ಜ್ಯೋತಿಬಾ ಹಣೆ ಬಡಿದುಕೊಂಡನು. "ಇದನ್ನ ಬಿಟ್ಟು ಗ್ಯಾರೇಜಿಗೆ ಬರ್ತಿದ್ರಿ. ನಾ ಸೀಟ ಎತ್ತಿ ಗಾಳಿ ಆಡಿಸಿ ಹುಡುಕ್ತಿದ್ದೆ. ಒಂದ ಪಂಪ್ ಸುಮ್ಮನ ಒಗದೆ. ಒಂದ ಮಾತ ಹೇಳಾಕ ಆಗಲಿಲ್ಲೇನ್ರಿ ನಿಮಗ?"

ಅವನು ಕೌದಿಯನ್ನು ಎಳೆದು ರಸ್ತೆಗೆ ಒಗೆಯಲು ಕೈ ಬೀಸಿದನು. ಇಮಾಮಸಾಬನು ನಡುವೆ ಬಂದು ಅದನ್ನು ಹಿಡಿದುಕೊಂಡನು. ಇಬ್ಬರೂ ಒಂದೊಂದು ತುದಿ ಹಿಡಿದು ನಿಂತರು.

"ಒಗೀಬ್ಯಾಡ. ನಮ್ಮ ಮನಿಯಾಕಿ ಹೊಲದದ್ದು."

ಜ್ಯೋತಿಬಾ ಕೈ ಬಿಟ್ಟನು. ನೀರಿನ ಬಾಟಲಿಯಿಂದ ಒಂದು ಚಿಂದಿಯನ್ನು ನೆನೆಸಿ, ಇಂಜಿನ್ನಿನ ಒಂದು ತುದಿಯಲ್ಲಿದ್ದ ಹೆಬ್ಬೆರಳಿನಷ್ಟು ದಪ್ಪದ ಕರಿಯ ವಸ್ತುವಿನ ಮೇಲೆ ಹಾಕಿದನು. ಚಿಂದಿಯಿಂದ ಹಬೆ ಎದ್ದಿತು. ಇನ್ನೊಮ್ಮೆ ನೆನೆಸಿ ಹಾಕಿದನು.

"ಈಗ ಹೊಡೀರಿ."

ಇಂಜಿನ್ನು ತಕ್ಷಣ ಹತ್ತಿಕೊಂಡಿತು.

"ಕ್ಯಾಮ್ ಸೆನ್ಸರ್," ಎಂದನು ಜ್ಯೋತಿಬಾ. "ಕಿಡಿ ಯಾವಾಗ ಹೊಡೀಬೇಕು ಅಂತ ಹೇಳೂದು ಇದು. ಮೊದಲ ಮುಪ್ಪಾಗೇತಿ. ಮ್ಯಾಲ ನಿಮ್ಮ ಕೌದಿ. ಬಿಸಿ ತಡಿಯಲಾರ್ದ ಬೋಧ ತಪ್ಪಿ ಬೀಳ್ತೈತಿ. ತಣ್ಣಗಾದ್ರ ಎದ್ದು ಕೂಡ್ತೈತಿ. ಎದ್ದು ಕುಂತ ಮ್ಯಾಲ ಮಶೀನಿಗೆ ಏನ ತಿಳೀಬೇಕು?"

"ಹೊಸಾದು ಹಾಕಿದ್ರ ತಡೀತೈತಲ್ಲ? ಹೊಸಾದು ಹಾಕು. ಕೌದಿ ಇರಲಿ."

"ಕೌದಿ ಇದ್ರ ಹೊಸಾದೂ ಮುಪ್ಪಾಗ್ತೈತಿ, ಚಾಚಾ."

"ತೆಳ್ಳಗ ಹಾಸ್ತೇನಿ."

"ಬ್ಯಾಡ್ರಿ."

"ಒಂದ ಪದರ ಬಿಚ್ಚಿ—"

"ಯಾರ ಬಿಚ್ಚಾವ್ರು? ನೀವಾ?"

ಇಮಾಮಸಾಬನು ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡೇ ವಾಡೆಯವರೆಗೆ ಗಾಡಿ ನಡೆಸಿದನು. ಅದು ಕಾದ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಕೆಳಬದಿಯ ಲುಂಗಿಯ ತುಂಡು ಕಂದಿ ಗರಿಗರಿಯಾಗಿತ್ತು. ಅವನಿಗೆ ಜ್ಯೋತಿಬಾನ ಮೇಲೆ ಸಿಟ್ಟು ಬಂದಿತು, ವ್ಯಾನಿನ ಮೇಲೆ ಬಂದಿತು, ಅಷ್ಟು ದಪ್ಪ ಹೊಲಿದವಳ ಮೇಲೂ ಬಂದಿತು. ಅಷ್ಟು ವರ್ಷ ಬಯ್ಯುತ್ತ ಕುಳಿತವಳ ಮಾತನ್ನು ಈಗ ಒಂದು ಸಲ ಕೇಳಿದರೆ ಅದೂ ನಡೆಯಲಿಲ್ಲ. ಹೀನಾ ಅದನ್ನು ನೊರೆಗಾಯಿಯಲ್ಲಿ ಎರಡು ಸಲ ಒಗೆದು ಬೇಲಿಯ ಮೇಲೆ ಹರವಿದಳು. ವಾಸನೆ ಪೂರ್ತಿ ಹೋಗಲಿಲ್ಲ. "ಇರಲಿ ಬಿಡ್ರಿ, ಅಬ್ಬಾ," ಎಂದಳು. ಒಣಗಿದ ಮೇಲೆ ಅವನು ಅದನ್ನು ಮತ್ತೆ ಟ್ರಂಕಿನ ಮೇಲೆ ಇಟ್ಟನು.

ಹೊಸ ಸೆನ್ಸರ್ ಹುಬ್ಬಳ್ಳಿಯಿಂದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬರಬೇಕಾಗಿತ್ತು. ಬುಧವಾರ ಬಂದ ಪೊಟ್ಟಣದಲ್ಲಿ ಬೇರೆ ಗಾಡಿಯದು ಇತ್ತು. ಜ್ಯೋತಿಬಾ ಫೋನಿನಲ್ಲಿ ಹುಬ್ಬಳ್ಳಿಯ ಅಂಗಡಿಯವನಿಗೆ ಕೂಗಾಡಿದನು. ಇಮಾಮಸಾಬನು ಪಕ್ಕದಲ್ಲಿ ನಿಂತು ಗಡ್ಡ ಎಳೆದುಕೊಂಡನು. ಸರಿಯಾದದ್ದು ಗುರುವಾರ ಸಂಜೆ ಬಂದಿತು. ಕೂಡಿಸಿದ್ದಾಯಿತು. ದೂರ ಓಡಿಸಿ ನೋಡಲು ಹೊತ್ತು ಉಳಿಯಲಿಲ್ಲ.

ಶುಕ್ರವಾರ ಅವನು ಹಳಿಯಾಳದ ಬಸ್‌ಸ್ಟ್ಯಾಂಡಿಗೆ ಹೋದಾಗ ಹಜರಾಬಿ ಆಗಲೇ ಇಳಿದು ಕಟ್ಟೆಯ ಮೇಲೆ ಕುಳಿತಿದ್ದಳು.

"ನಾ ಇಲ್ಲೇ ಕೂಡ್ತೇನಿ, ಬೀಗರ. ಮಗನ ಜೀಪ ಬರ್ಲಿ. ಆ ಕಾಡಿನಾಗ ಇನ್ನೊಮ್ಮೆ ಕೂಡೂ ತಾಕತ್ತ ನನಗಿಲ್ಲ."

"ಕೊನೀ ಸಲ ಕೂಡ್ರಿ. ದಾರ್‍ಯಾಗ ನಿಂತ್ರ ನಾನ ಹೀನಾನ ಅರಿವಿ ಗಂಟ ಕಟ್ಟಿ ಜೀಪಿನಾಗ ಇಡ್ತೇನಿ. ಒಂದ ಮಾತ ಆಡಂಗಿಲ್ಲ."

ಹಜರಾಬಿ ಅವನ ಮುಖ ನೋಡಿದಳು. ಎದ್ದಳು. ಆದರೆ ಹಿಂದೆ ಕೂಡಲಿಲ್ಲ. ಮುಂದಿನ ಬಾಗಿಲು ತೆಗೆದು ಎಡಸೀಟಿನಲ್ಲಿ ಕುಳಿತಳು. "ಹುಡುಗಿ ಕೂಡೂ ಜಾಗ ಇದ ಹೌದಲ್ಲರಿ? ನೋಡ್ತೇನಿ," ಎಂದಳು.

ಬಿಸಿಲು ಏರಿತ್ತು. ಇಮಾಮಸಾಬನು ಮನಸ್ಸಿನಲ್ಲಿ ಬರುತ್ತಿದ್ದ ದುವಾಗಳನ್ನೆಲ್ಲ ಒಂದರ ಹಿಂದೊಂದು ಹೇಳಿಕೊಳ್ಳುತ್ತ, ಇಂಜಿನ್ನಿನ ಸದ್ದಿನಲ್ಲಿ ಎಳೆಯಷ್ಟು ವ್ಯತ್ಯಾಸವಾದರೂ ಉಸಿರು ಹಿಡಿಯುತ್ತ ನಡೆಸಿದನು. ಕಾಡು ಬಂದಿತು. ಏರು ಬಂದಿತು. ಹಜರಾಬಿ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸರಿದು ಕುಳಿತಳು. ಸೀರೆಯ ನೆರಿಗೆಯನ್ನು ಒಟ್ಟುಗೂಡಿಸಿ ಕೆಳಗೆ ಹಾಕಿಕೊಂಡಳು. ವ್ಯಾನು ಏರನ್ನು ಏರಿ ಮೇಲಿನ ಬಯಲಿಗೆ ಬಂದಿತು. ಅವನು ಉಸಿರು ಬಿಟ್ಟನು.

"ನಿಂದರಸ್ರಿ," ಎಂದಳು ಹಜರಾಬಿ.

"ಯಾಕ?"

"ನಿಂದರಸ್ರಿ. ಬಂದ್ ಮಾಡ್ರಿ."

ಅವನು ನಿಲ್ಲಿಸಿ ಚಾವಿ ತಿರುಗಿಸಿದನು. ಸದ್ದು ಅಡಗಿತು. ಸೀಟಿನ ಅಡಿಯಲ್ಲಿ ಕಾದ ಲೋಹ ಟಿಕ್ ಟಿಕ್ ಎನ್ನುತ್ತಿತ್ತು. ಅವಳು ರಸ್ತೆಯನ್ನೇ ನೋಡುತ್ತ ಕುಳಿತಳು. ಕಾವು ಮೇಲೇರುತ್ತಿರುವುದು ಅವನಿಗೂ ತಿಳಿಯುತ್ತಿತ್ತು. ಅವಳ ಕಿವಿಯ ಪಕ್ಕದಿಂದ ಬೆವರು ಇಳಿಯಿತು.

"ಈಗ ಚಾಲೂ ಮಾಡ್ರಿ."

ಚಾವಿ ಅವನ ಬೆರಳುಗಳಲ್ಲಿ ಜಾರಿತು. ಲುಂಗಿಗೆ ಕೈ ಒರೆಸಿಕೊಂಡು ಮತ್ತೆ ಹಿಡಿದನು. ಈ ಸಲ ಬಿಸ್ಮಿಲ್ಲಾ ಎನ್ನಲೂ ಅವನಿಗೆ ಹೆದರಿಕೆಯಾಯಿತು. ತಿರುಗಿಸಿದನು.

ಇಂಜಿನ್ನು ಹತ್ತಿಕೊಂಡಿತು.

ಹಜರಾಬಿ ಬಾಗಿಲು ತೆಗೆದು ಇಳಿದಳು. ಬೆನ್ನಿನ ಕೆಳಗೆ ಸೀರೆ ಒದ್ದೆಯಾಗಿ ಅಂಟಿಕೊಂಡಿತ್ತು. "ಸೀಟ ಅಲ್ಲರೀ, ಒಲಿ ಇದು," ಎಂದು ಅದನ್ನು ಬಿಡಿಸಿಕೊಂಡಳು. "ಹುಡುಗಿನ ಹಿಂದಿನ ಸೀಟಿನಾಗ ಮಲಗಿಸಿ ಕರಕೊಂಡ ಹೋಗ್ರಿ. ಇಲ್ಲಿ ಕೂಡಸಬ್ಯಾಡ್ರಿ." ಫೋನನ್ನು ತೆಗೆದು, ಸಿಗ್ನಲ್ಲಿಗಾಗಿ ಅತ್ತ ಇತ್ತ ಹಿಡಿದು ನೋಡಿ, ರಸ್ತೆಯ ಬದಿಯ ದಿಬ್ಬ ಏರಿದಳು.

"ಹಲೋ... ಹೊಂಟಿಯೇನು?... ಜೀಪ ಬ್ಯಾಡ... ಬ್ಯಾಡ ಅಂದೆ... ನಾಳೆ ನಾ ಬಸ್ಸಿಗೇ ಬರ್ತೇನಿ," ಎಂಬುದಷ್ಟು ಕೇಳಿಸಿತು. ಉಳಿದದ್ದು ಇಂಜಿನ್ನಿನ ಸದ್ದಿನಲ್ಲಿ ಹೋಯಿತು.

ಇಮಾಮಸಾಬನು ಇಂಜಿನ್ನು ಬಂದ್ ಮಾಡಲಿಲ್ಲ. ಎರಡೂ ಕೈಗಳನ್ನು ಸ್ಟೇರಿಂಗಿನ ಮೇಲೆ ಇಟ್ಟು ಕುಳಿತನು. ಫೋನು ಮುಗಿದ ಮೇಲೂ ಹಜರಾಬಿ ಬರಲಿಲ್ಲ. ದಿಬ್ಬದ ಮೇಲೆ ಕವಳಿಯ ಮುಳ್ಳುಕಂಟಿಗಳು ಹಣ್ಣು ಬಿಟ್ಟಿದ್ದವು. ಅವಳು ಸೆರಗನ್ನು ಮುಂದಕ್ಕೆ ತಂದು ಉಡಿ ಮಾಡಿಕೊಂಡು, ಮುಳ್ಳುಗಳ ನಡುವೆ ಮೆಲ್ಲಗೆ ಕೈ ಹಾಕಿ, ಕರ್ರಗೆ ಹಣ್ಣಾದವನ್ನು ಬಸುರಿಗೆಂದು ಬಿಡಿಸತೊಡಗಿದಳು. ಇನ್ನೂ ಕೆಂಪಾಗಿದ್ದವನ್ನು ಗಿಡದಲ್ಲಿಯೇ ಬಿಡುತ್ತಿದ್ದಳು.